ಹತ್ತೇ ಹತ್ತು ಕುದುರೆ

ನನ್ನ ಗಂಡ ಲಿಂಡನ್ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಅವನಿಗೆ ಮಾಡಿದ್ದನ್ನು ಕೇಳಿದ ಮೇಲೆ ನೀವು ಹೇಗೂ ಅವನ ಪರವೇ ನಿಲ್ಲುತ್ತೀರಿ. ನಿಲ್ಲಿ, ಬೇಡ ಅನ್ನುವುದಿಲ್ಲ. ಆದರೆ ಇಪ್ಪತ್ತಾರು ವರ್ಷ ಹಾಲಿನ ಟ್ಯಾಂಕರಿನ ಹೊಗೆ ಕುಡಿದವಳು ನಾನು, ಅವನಲ್ಲ. ಅದನ್ನೂ ಸ್ವಲ್ಪ ಗಮನಕ್ಕೆ ತಂದುಕೊಳ್ಳಿ.

ನಮ್ಮದು ಅರವತ್ತೇಳನೇ ಇಸವಿಯ ಎಂ.ಜಿ.ಬಿ. ಕಾರು. ಎರಡೇ ಸೀಟು, ಬಟ್ಟೆಯ ಮಾಡು, ಕಡು ಹಸಿರು ಬಣ್ಣ. ಮದುವೆಗೆ ಮುಂಚೆಯೇ ನಾನು ಕೊಂಡದ್ದು. ಹಾಗಾಗಿ ಕಾರು ನನ್ನದು, ಎಂಜಿನ್ ಲಿಂಡನ್‌ನದು ಎಂದು ನಮ್ಮಲ್ಲಿ ಒಪ್ಪಂದ. ನಾನು ಓಡಿಸುತ್ತೇನೆ, ಅವನು ಬಿಚ್ಚುತ್ತಾನೆ. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಸುರಿದ ಉಪ್ಪು, ಕೆಸರು ಎಲ್ಲ ತೊಳೆದುಹೋದ ಮೇಲೆ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ಪ್ರತಿ ಗುರುವಾರ ಅದರಲ್ಲೇ ನಾನು ಊರಿನ ಲೈಬ್ರರಿಯ ಕೆಲಸಕ್ಕೆ ಹೋಗುವುದು. ಅದಕ್ಕೆ ಸ್ಟೆಬಿನ್ಸ್ ಗುಡ್ಡ ಹತ್ತಬೇಕು. ವರ್ಮಾಂಟಿನ ನಮ್ಮ ಕಡೆ ಗುಡ್ಡ ಹತ್ತದೆ ಅಂಚೆಪೆಟ್ಟಿಗೆಯವರೆಗೂ ಹೋಗಲಾಗದು. ಸರಿಯಾಗಿ ನಾನು ಹೊರಟ ಹೊತ್ತಿಗೇ ಡ್ವೇನ್ ಲಬೌಂಟಿ ತನ್ನ ಹಾಲಿನ ಟ್ಯಾಂಕರನ್ನು ಗುಡ್ಡದ ಬುಡಕ್ಕೆ ತಂದಿರುತ್ತಾನೆ.

ಗುಡ್ಡದ ನಡುವೆ ಕಾಲು ಮೈಲಿ ಮಾತ್ರ ಹಳದಿ ಗೆರೆ ತುಂಡುತುಂಡಾಗಿದೆ. ಅಲ್ಲಷ್ಟೇ ಮುಂದಿನ ಗಾಡಿಯನ್ನು ದಾಟಬಹುದು. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಆ ಕಾಲು ಮೈಲಿಯಲ್ಲಿ ಡ್ವೇನನನ್ನು ದಾಟಲು ನನಗೆ ಆಗಿಲ್ಲ. ಎಡಕ್ಕೆ, ಎದುರಿನ ಗಾಡಿಗಳ ಬದಿಗೆ ಬರುತ್ತೇನೆ, ಟ್ಯಾಂಕರಿನ ಹಿಂದಿನ ಚಕ್ರದವರೆಗೆ ಹೋಗುತ್ತೇನೆ, ಅಷ್ಟರಲ್ಲಿ ಗೆರೆ ಕೂಡಿಕೊಳ್ಳುತ್ತದೆ, ತೆಪ್ಪಗೆ ಹಿಂದೆ ಸರಿಯುತ್ತೇನೆ. ಅವನು ಕಿಟಕಿಯಿಂದ ಎರಡು ಬೆರಳೆತ್ತಿ ಟಾಟಾ ಮಾಡುತ್ತಾನೆ. ಇಷ್ಟಕ್ಕೇ ಮುಗಿಯಿತೇ ಅಂದರೆ ಅದೂ ಇಲ್ಲ. ಆಮೇಲೆ ಡೈನರಿನಲ್ಲಿ ಕಾಫಿಗೆ ಕೂತಾಗ, ಎಲ್ಲರಿಗೂ ಕೇಳುವ ಹಾಗೆ ಶುರು ಮಾಡುತ್ತಾನೆ.

"ಏನ್ ಆರ್ಲೀನ್, ಇವತ್ತು ಗುಡ್ಡದಲ್ಲಿ ಹಿಂದೆ ಏನೋ ಗುಂಯ್ ಅಂತಿತ್ತಲ್ಲ, ನೀನಾ? ನಾನು ಎಲ್ಲೋ ಕ್ಯಾಬಿನ್ನಲ್ಲಿ ನೊಣ ಸಿಕ್ಕೊಂಡಿದೆ ಅಂತ ಕಿಟಕಿ ಇಳಿಸ್ದೆ ಮಾರಾಯ್ತಿ."

ಇಂಥದ್ದನ್ನು ನೀವು ಎಷ್ಟು ವರ್ಷ ಕೇಳುತ್ತಿದ್ದಿರಿ, ಹೇಳಿ.

ಹೋದ ವರ್ಷ ಎಂಜಿನ್ ನೀಲಿ ಹೊಗೆ ಬಿಡಲು ಶುರುಮಾಡಿತು. ನವೆಂಬರಿನಲ್ಲಿ ಲಿಂಡನ್ ಅದನ್ನು ಹೊರಗೆಳೆದು ಕೊಟ್ಟಿಗೆಯ ಮೇಜಿನ ಮೇಲೆ ಬಿಚ್ಚಿದ. ನನಗೆ ಇದೇ ಸಮಯ ಅನ್ನಿಸಿತು. ಹೇಗೂ ತೆರೆದಿದ್ದೀಯ, ಸ್ವಲ್ಪ ಶಕ್ತಿ ತುಂಬು ಅಂದೆ.

"ತುಂಬ್ತೀನಿ," ಅಂದ. "ಹತ್ತು ಕುದುರೆ ಶಕ್ತಿ."

"ಹತ್ತೇನಾ?"

"ಹತ್ತೇ ಹತ್ತು. ಸಿಲಿಂಡರ್ ಒಂದು ಚೂರು ಅಗಲ ಮಾಡಿಸ್ತೀನಿ. ಅದರ ಮೇಲಿನ ಮುಚ್ಚಳ ಒಂದು ಚೂರು ತೆಳ್ಳಗೆ. ಗಾಳಿ ಹೋಗೋ ದಾರಿ ಕೈಯಲ್ಲೇ ಉಜ್ಜಿ ನುಣ್ಣಗೆ ಮಾಡ್ತೀನಿ. ಕ್ಯಾಮ್ ಈಗಿರೋದಕ್ಕಿಂತ ಒಂದು ಮೆಟ್ಟಿಲು ಮೇಲಿಂದು. ಅದಕ್ಕಿಂತ ಆಸೆ ಪಟ್ರೆ ಇದು ನಮ್ಮ ಮೇಲೆ ಸೇಡು ತೀರಿಸ್ಕೊಳ್ಳುತ್ತೆ, ಆರ್ಲೀನ್."

ಎಲ್ಲವೂ ಒಂದು ಚೂರು. ನಲವತ್ತೈದು ವರ್ಷದಿಂದ ಈ ಮನುಷ್ಯ ಸೂಪಿಗೆ ಉಪ್ಪನ್ನೂ ಹೀಗೇ ಹಾಕುತ್ತಾನೆ.

ಕ್ಯಾಮ್ ಅಂದರೆ ಎಂಜಿನ್ನಿನ ಹೊಟ್ಟೆಯೊಳಗೆ ತಿರುಗುವ ಒಂದು ಉಕ್ಕಿನ ದಂಡ. ಅದರ ಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುತ್ತವೆ. ಎಂಜಿನ್ ಎಷ್ಟು ಹೊತ್ತು ಬಾಯಿ ತೆರೆದು ಉಸಿರೆಳೆದುಕೊಳ್ಳಬೇಕು ಅನ್ನುವುದನ್ನು ಆ ಉಬ್ಬುಗಳು ತೀರ್ಮಾನಿಸುತ್ತವೆ. ದಂಡದ ತುದಿಯಲ್ಲಿ ಒಂದು ಸಂಖ್ಯೆ ಕೊರೆದಿರುತ್ತಾರೆ. ಸಂಖ್ಯೆ ದೊಡ್ಡದಾದಷ್ಟೂ ಬಾಯಿ ತೆರೆಯುವುದು ಜಾಸ್ತಿ ಹೊತ್ತು. ಲಿಂಡನ್ ನನ್ನ ಕೈಯಲ್ಲಿ ಬರೆಸಿದ ಚೀಟಿಯಲ್ಲಿ ಇದ್ದದ್ದು ಇನ್ನೂರ ಐವತ್ತೈದು. ಅಂಗಡಿಗೆ ಫೋನ್ ಮಾಡುವುದೂ ನನ್ನ ಕೆಲಸವೇ. ಮಾಡಿದೆ. ಇದಕ್ಕಿಂತ ದೊಡ್ಡದು ಯಾವುದಿದೆ ಅಂತ ಕೇಳಿದೆ. ಮುನ್ನೂರ ಹತ್ತು ಇದೆ, ಆದರೆ ಅದು ರೇಸಿನದು ಅಮ್ಮ, ರೇಸಿಗೆ ಬೇಕಾ ಅಂದ ಆ ಕಡೆಯವನು.

"ಹೌದು, ರೇಸೇ," ಅಂದೆ. "ಪ್ರತಿ ಗುರುವಾರ ಇರುತ್ತೆ."

ಕೆಳಗಿನ ವೇಗದಲ್ಲಿ ಅದು ಏನೂ ಎಳೆಯೋದಿಲ್ಲ ಅಂತ ಅವನು ಇನ್ನೇನೋ ಹೇಳುತ್ತಿದ್ದ. ನಾನು ಕೇಳಿಸಿಕೊಳ್ಳಲಿಲ್ಲ. ನನ್ನ ಕಣ್ಣ ಮುಂದೆ ಆಗಲೇ ಡ್ವೇನನ ಟ್ಯಾಂಕರು ಕನ್ನಡಿಯಲ್ಲಿ ಚಿಕ್ಕದಾಗುತ್ತಿತ್ತು.

ಈಗ ಲಿಂಡನ್‌ನ ಕಣ್ಣಿನ ವಿಷಯ ಹೇಳಬೇಕು. ಎರಡು ವರ್ಷದಿಂದ ಅವನ ದೃಷ್ಟಿಯ ನಡುಭಾಗ ಹೋಗಿದೆ, ಅಂಚು ಮಾತ್ರ ಉಳಿದಿದೆ. "ನಿನ್ನ ಕಿವಿ ಎರಡೂ ಕಾಣುತ್ತೆ ಕಣೇ, ಮೂಗು ಮಾತ್ರ ಎಲ್ಲೋ ಹೋಗಿದೆ," ಅನ್ನುತ್ತಾನೆ. ಡ್ರೈವಿಂಗ್ ಲೈಸೆನ್ಸನ್ನು ತಾನೇ ಹೋಗಿ ಒಪ್ಪಿಸಿ ಬಂದ. ಗೊಣಗಲಿಲ್ಲ. ಓದುವುದೆಲ್ಲ ನನ್ನ ಪಾಲಿಗೆ ಬಂತು: ಅಂಚೆ, ಔಷಧಿ ಡಬ್ಬಿ, ಅಳತೆ ಗೇಜು, ಬೋಲ್ಟಿನ ಮೇಲಿನ ಅಕ್ಷರ. ಅವನಿಗೆ ಕೈಯಿತ್ತು, ಅದಕ್ಕಿಂತ ಹೆಚ್ಚಾಗಿ ಕಿವಿಯಿತ್ತು. ಒಂದು ಮೊಳ ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರಿನ ಬಾಯಿಗೆ. ಕಣ್ಣು ಮುಚ್ಚಿಕೊಂಡು ಎರಡೂ ಕಾರ್ಬುರೇಟರಿನ ಸುಯ್ಲು ಒಂದೇ ಸಮ ಆಗುವವರೆಗೆ ತಿರುಪು ತಿರುಗಿಸುತ್ತಾನೆ. ಪ್ರತಿ ವರ್ಷ ಮೇ ತಿಂಗಳ ಒಂದು ಶನಿವಾರ ಸುತ್ತಲಿನ ಹಳೇ ಕಾರಿನವರೆಲ್ಲ ನಮ್ಮ ಕೊಟ್ಟಿಗೆಯ ಮುಂದೆ ಸಾಲುಗಟ್ಟುತ್ತಾರೆ. ಅವನು ಹಾಲಿನ ಕ್ರೇಟಿನ ಮೇಲೆ ಕೂತು ಒಂದೊಂದೇ ಕಾರಿನ ಸದ್ದು ಕೇಳುತ್ತಾನೆ. ಅವರು ಅವನಿಗೆ ರೂಬಾರ್ಬ್ ಅನ್ನುವ ಹುಳಿ ದಂಟು ತುಂಬಿ ಬೇಯಿಸಿದ ಪೈ ತರುತ್ತಾರೆ. ಆ ಶನಿವಾರ ಅವನು ಬೆಳಿಗ್ಗೆಯೇ ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಯಾರಾಗಿರುತ್ತಾನೆ.

ಫೆಬ್ರವರಿಯಲ್ಲಿ ಕ್ಯಾಮ್ ಬಂತು. ಸುತ್ತಿದ ಎಣ್ಣೆ ಕಾಗದ ಬಿಚ್ಚಿ ನನ್ನತ್ತ ಹಿಡಿದ.

"ನಂಬರ್ ಓದು."

ತುದಿಯಲ್ಲಿ ಮುನ್ನೂರ ಹತ್ತು ಎಂದು ಕೊರೆದಿತ್ತು, ಕಪ್ಪೆಯ ಕಣ್ಣಿನಷ್ಟು ಸ್ಪಷ್ಟವಾಗಿ.

"ಇನ್ನೂರ ಐವತ್ತೈದು," ಅಂದೆ.

ಅವನು ಹೆಬ್ಬೆರಳನ್ನು ಉಬ್ಬಿನ ಮೇಲೆ ಆಡಿಸಿದ. "ಉಬ್ಬಿನ ಮೂಗು ಸ್ವಲ್ಪ ದಪ್ಪ ಅನ್ನಿಸ್ತಿದೆಯಲ್ಲೇ."

"ನಿನ್ನ ಬೆರಳು ಚಳಿಗೆ ಮರಗಟ್ಟಿದೆ. ಒಲೆ ಹತ್ರ ಹೋಗಿ ಕಾಯಿಸ್ಕೊ."

ಹೋಗಿ ಕಾಯಿಸಿಕೊಂಡು ಬಂದ. ಆಮೇಲೆ ಗೇಜು ಕೂರಿಸಿ, ಎಂಜಿನ್ನನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸುತ್ತ, ಮುಳ್ಳು ಎಲ್ಲಿದೆ ಹೇಳು ಅಂತ ಕೂತ. ಅದನ್ನೂ ಸುಳ್ಳೇ ಓದಿದೆ. ಒಂದು ಸುಳ್ಳು ಹೇಳಿದವಳು ನಿಲ್ಲುವುದು ಎಲ್ಲಿ ಬಂತು. ಚಳಿಗಾಲ ಪೂರ್ತಿ ಅವನು ಬೋಲ್ಟು ಬಿಗಿಯುತ್ತ ಶಿಳ್ಳೆ ಹಾಕುತ್ತಿದ್ದ. ನನಗೂ ಖುಷಿಯೇ ಇತ್ತು, ಮುಚ್ಚಿಡುವುದೇಕೆ.

ಏಪ್ರಿಲ್ ಕೊನೆಗೆ ಎಂಜಿನ್ ಕೂರಿಸಿ ಚಾಲು ಮಾಡಿದೆವು. ಕಾರು ನಿಂತಲ್ಲೇ ಗುದ್ದಾಡತೊಡಗಿತು. ಗುಡುಗು ಗುಡುಗು, ನಡುವೆ ಒಂದು ತೊಡರು, ಮತ್ತೆ ಗುಡುಗು. ಮೇಜಿನ ಮೇಲಿನ ಸ್ಪ್ಯಾನರುಗಳೆಲ್ಲ ಕಿಣಿಕಿಣಿ ಅಂದವು. ನನಗೆ ಆ ಸದ್ದು ಬಹಳ ಹಿಡಿಸಿತು. ಲಿಂಡನ್ ಕಣ್ಣು ಮುಚ್ಚಿದ.

"ಇದು ದೊಡ್ಡ ಕ್ಯಾಮಿನ ಸದ್ದು," ಅಂದ. "ಮುನ್ನೂರರ ಮೇಲಿಂದು."

"ನಂಬರ್ ನಾನೇ ಓದಿದ್ನಲ್ಲ."

"ಹೌದಲ್ಲ," ಅಂದ. "ನೀನೇ ಓದಿದೆ." ಮೇಜಿನ ಮೇಲೆ ತಡಕಿ ಒಂದು ಸ್ಪ್ಯಾನರ್ ಎತ್ತಿಕೊಂಡು, "ಹಾಗಾದ್ರೆ ನಾನೇ ಎಲ್ಲೋ ತಪ್ಪು ಮಾಡಿದೀನಿ," ಎಂದು ಬಾನೆಟ್ಟಿನ ಕೆಳಗೆ ಬಾಗಿದ.

ಮೊದಲ ಗುರುವಾರ ಬಂತು. ನಾನು ತಲೆಗೆ ಹೊಸ ಸ್ಕಾರ್ಫು ಕಟ್ಟಿಕೊಂಡು ಹೊರಟೆ. ಗುಡ್ಡದ ಬುಡದಲ್ಲಿ ಡ್ವೇನ್ ಇದ್ದ. ಗೆರೆ ತುಂಡಾದ ಕಡೆ ಎಡಕ್ಕೆ ಬಂದು ಎರಡನೇ ಗೇರಿನಲ್ಲಿ ಪೆಡಲ್ ಒತ್ತಿದೆ. ಕಾರು ಕಿರುಚಿಕೊಂಡು ಹಾರಿತು, ಈ ಸಲ ಹಿಂದಿನ ಚಕ್ರವಲ್ಲ, ಟ್ಯಾಂಕಿನ ನಡುವಿಗೇ ಬಂದೆ. ಮೂರನೇ ಗೇರಿಗೆ ಹಾಕಿದೆ. ಅಷ್ಟೇ, ಕಾರಿನ ಉಸಿರೇ ನಿಂತುಹೋಯಿತು. ಒತ್ತುತ್ತಿದ್ದೇನೆ, ಅದು ಬಗ್‌ಬಗ್ ಅನ್ನುತ್ತಿದೆ, ಟ್ಯಾಂಕರು ಮುಂದೆ ಹೋಗುತ್ತಿದೆ. ಗುಡ್ಡದ ತುದಿ ಸೇರುವ ಹೊತ್ತಿಗೆ ನನ್ನ ಹಿಂದೆ ಒಂದು ಶಾಲಾ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅಂಗಡಿಯವನು ಫೋನಿನಲ್ಲಿ ಹೇಳುತ್ತಿದ್ದದ್ದು ಏನೆಂದು ನನಗೆ ಆಗ ಪೂರ್ತಿ ಕೇಳಿಸಿತು.

ಡೈನರಿನಲ್ಲಿ ಡ್ವೇನ್ ತಮಾಷೆ ಮಾಡಲಿಲ್ಲ. ನನ್ನ ಮೇಜಿಗೆ ಬಂದು, ದನಿ ತಗ್ಗಿಸಿ, "ಆರ್ಲೀನ್, ಮನೇಗೆ ಎಳ್ಕೊಂಡು ಹೋಗ್ಬೇಕಾದ್ರೆ ನನ್ನ ಹತ್ರ ಸರಪಳಿ ಇದೆ," ಅಂದ. ಆ ಕನಿಕರಕ್ಕಿಂತ ನೊಣವೇ ಎಷ್ಟೋ ವಾಸಿಯಾಗಿತ್ತು.

ಅವತ್ತೇ ಲಿಂಡನ್‌ಗೆ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಹೇಳಿದರೆ ಎಂಜಿನ್ ಮತ್ತೆ ಹೊರಗೆಳೆಯಬೇಕು, ಮತ್ತೆ ಪೂರ್ತಿ ಬಿಚ್ಚಬೇಕು, ಅದು ಒಂದು. ಇನ್ನೊಂದು, ಯಾವ ಮೂತಿ ಹೊತ್ತು ಹೇಳುವುದು. ನಾಳೆ ಹೇಳೋಣ ಅಂದುಕೊಂಡೆ, ನಾಳೆ ಬಂದಾಗ ಅದರ ಮಾರನೇ ದಿನ ಅಂದುಕೊಂಡೆ. ಹೀಗೇ ಮೂರು ವಾರ ಕಳೆಯಿತು. ಆ ಮೂರು ವಾರ ಅವನು ಕೊಟ್ಟಿಗೆಯಿಂದ ಹೊರಗೆ ಬಂದದ್ದು ಊಟಕ್ಕೆ, ನಿದ್ದೆಗೆ ಮಾತ್ರ. ವಾಲ್ವಿನ ಸಂದು ಮತ್ತೆ ಮತ್ತೆ ಅಳೆದ. ಕಾರ್ಬುರೇಟರು ಎರಡು ಸಲ ಬಿಚ್ಚಿದ. ಕಿಡಿ ಹಾರುವ ಹೊತ್ತನ್ನು ಹಿಂದೆ ಮುಂದೆ ಮಾಡಿದ. ಕೊಳವೆ ಕಿವಿಗಿಟ್ಟುಕೊಂಡು ಗಂಟೆಗಟ್ಟಲೆ ಕೂತ. ಶಿಳ್ಳೆ ನಿಂತುಹೋಗಿತ್ತು.

ಒಂದು ಸಂಜೆ ಊಟದ ನಡುವೆ ಫೋರ್ಕ್ ಕೆಳಗಿಟ್ಟ.

"ಕಣ್ಣು ಹೋದಾಗ ನಾನು ಅಷ್ಟೇನೂ ತಲೆ ಕೆಡಿಸ್ಕೊಳ್ಳಲಿಲ್ಲ, ಆರ್ಲೀನ್. ಕಿವಿ ಇದೆಯಲ್ಲ ಅಂದ್ಕೊಂಡೆ."

"ಕಿವಿ ನೆಟ್ಟಗೇ ಇದೆ."

"ಇಲ್ಲ ಕಣೇ. ಎದುರಿಗೆ ನಿಂತ ಎಂಜಿನ್ನು ಒಂದು ಹೇಳ್ತಿದೆ, ನನಗೆ ಇನ್ನೊಂದು ಕೇಳಿಸ್ತಿದೆ. ಜನರ ಕಾರಿಗೆ ಕೈ ಹಾಕಿ ಹಾಳು ಮಾಡೋದು ಬೇಡ."

ಆಗಲೂ ಹೇಳಲಿಲ್ಲ ನಾನು. ಆಲೂಗೆಡ್ಡೆ ಬೇಕಾ ಅಂತ ಕೇಳಿದೆ. ಇಂಥ ಹೆಂಡತಿ ಶತ್ರುವಿಗೂ ಬೇಡ.

ಎರಡು ದಿನ ಬಿಟ್ಟು ಕ್ಲಾಡೆಟ್ ಬಂದಳು. ಕ್ಲಾಡೆಟ್ ಹಳೇ ಕಾರಿನವರ ಕೂಟದ ಕಾರ್ಯದರ್ಶಿ, ಒಂದು ಕೆಂಪು ಟ್ರಯಂಫ್ ಕಾರು ಇಟ್ಟುಕೊಂಡಿದ್ದಾಳೆ, ಅದಕ್ಕಿಂತ ಜೋರಾದ ಬಾಯಿ ಇಟ್ಟುಕೊಂಡಿದ್ದಾಳೆ. ಶನಿವಾರಕ್ಕೆ ಹನ್ನೆರಡು ಕಾರು ಬರುತ್ತವೆ ಅಂತ ಪಟ್ಟಿ ತಂದಿದ್ದಳು. ಲಿಂಡನ್ ಪಟ್ಟಿ ತೆಗೆದುಕೊಳ್ಳಲಿಲ್ಲ. ಗೋಡೆಯ ಮೊಳೆಯಿಂದ ರಬ್ಬರ್ ಕೊಳವೆ ತೆಗೆದು, ಬಟ್ಟೆಯಲ್ಲಿ ಒರೆಸಿ, ಅವಳ ಕೈಗೆ ಕೊಟ್ಟ.

"ನೀನೇ ಕೇಳು ಇನ್ಮೇಲೆ. ಕಿವಿ ಚಿಕ್ಕ ವಯಸ್ಸಿಂದು, ಕಲೀತೀಯ."

"ನನಗೆ ಅರವತ್ತೊಂದು ಲಿಂಡನ್."

"ಹಾಗಾದ್ರೆ ಬೇಗ ಕಲಿ."

ಕೊಳವೆ ಕೊಟ್ಟ ಮೇಲೆ ಅವನ ಕೈ ಏನು ಮಾಡಬೇಕೆಂದು ತಿಳಿಯದೆ ಮೇಜಿನ ಅಂಚು ಸವರುತ್ತಿತ್ತು. ನನಗೆ ಅದನ್ನು ನೋಡಲಾಗಲಿಲ್ಲ.

"ಮುನ್ನೂರ ಹತ್ತು," ಅಂದೆ.

"ಏನು ಮುನ್ನೂರ ಹತ್ತು?" ಅಂತ ಕ್ಲಾಡೆಟ್.

"ಕ್ಯಾಮಿನ ಮೇಲಿದ್ದ ನಂಬರು. ನಾನು ಸುಳ್ಳು ಓದಿದೆ. ಗೇಜೂ ಸುಳ್ಳು ಓದಿದೆ. ಡ್ವೇನನ್ನ ದಾಟಬೇಕಿತ್ತು ನನಗೆ."

ಲಿಂಡನ್ ಕಾರಿನ ಹತ್ತಿರ ಹೋದ, ಚಾಲು ಮಾಡಿದ, ಬಾನೆಟ್ಟಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿ ನಿಂತ. ಗುಡುಗು, ತೊಡರು, ಗುಡುಗು. ಬಹಳ ಹೊತ್ತು ಹಾಗೇ ನಿಂತಿದ್ದ. ಆಮೇಲೆ ಆರಿಸಿದ.

"ಕಿವಿ ಸರಿಯಾಗೇ ಇತ್ತು," ಅಂದ. "ಮೊದಲನೇ ದಿನವೇ ಸರಿಯಾಗಿ ಹೇಳಿತ್ತು. ನಾನು ನಿನ್ನ ಕಣ್ಣು ನಂಬಿ ಮೂರು ವಾರ ನನ್ನ ಕಿವೀನ ಬೈಕೊಂಡು ಓಡಾಡಿದೀನಿ ಆರ್ಲೀನ್."

ಅವನು ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಅದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ. ಅವನು ಕೂಗಲಿಲ್ಲ. ತಪ್ಪಾಯ್ತು ಅಂದೆ. ಹ್ಞೂಂ ಅಂದ. ಕ್ಲಾಡೆಟ್ ಕೊಳವೆಯನ್ನು ಮತ್ತೆ ಮೊಳೆಗೆ ನೇತುಹಾಕಿ, "ಶನಿವಾರ ಹನ್ನೆರಡು ಕಾರು," ಎಂದು ಹೊರಟುಹೋದಳು.

ಶನಿವಾರ ನಡೆಯಿತು. ಲಿಂಡನ್ ಇಸ್ತ್ರಿ ಅಂಗಿ ಹಾಕಿಕೊಂಡು ಹನ್ನೆರಡೂ ಕಾರು ಕೇಳಿದ, ಒಂದರಲ್ಲಂತೂ ಯಾರಿಗೂ ಗೊತ್ತಾಗದಿದ್ದ ಬಿರುಕನ್ನು ಸುಯ್ಲಿನಲ್ಲೇ ಹಿಡಿದ. ಕ್ಲಾಡೆಟ್‌ಳ ಬಾಯಿಂದಾಗಿ ಸುದ್ದಿ ಮೂರು ಜಿಲ್ಲೆ ದಾಟಿತ್ತು. ಒಬ್ಬೊಬ್ಬರೂ ಪೈ ತಟ್ಟೆ ನನ್ನ ಮುಂದೆ ಹಿಡಿದು, "ಆರ್ಲೀನ್, ಇಲ್ಲಿ ಎಷ್ಟು ಪೈ ಇದೆ ಅಂತ ಸ್ವಲ್ಪ ಓದಿ ಹೇಳ್ತೀಯಾ," ಅನ್ನುವವರೇ. ನಗಲಿ ಅಂತ ಬಿಟ್ಟೆ. ನನಗೆ ಚುಚ್ಚಿದ್ದು ಅದಲ್ಲ. ಅವತ್ತು ಗೇಜು ಓದಲು ಅವನು ಕರೆದದ್ದು ಕ್ಲಾಡೆಟ್‌ಳನ್ನು. ಮನೆಯೊಳಗೂ ಹಾಗೇ ಆಯಿತು. ಸೂಪಿನ ಡಬ್ಬ ಯಾವುದೆಂದು ನನ್ನನ್ನು ಕೇಳಲಿಲ್ಲ, ಭೂತಗನ್ನಡಿ ಹಿಡಿದು ಅಂಚುಗಣ್ಣಿನಿಂದ ಒಂದೊಂದೇ ಅಕ್ಷರ ಹುಡುಕಿದ. ಹುಡುಕಿ, ಬಟಾಣಿ ಬೇಕಾದವನು ಟೊಮೆಟೊ ಸೂಪು ಕುಡಿದ. ತಪ್ಪು ಡಬ್ಬ ಅಂತ ನಾನು ಹೇಳಲು ಹೋದೆ. ಇರಲಿ, ಇದೂ ಚೆನ್ನಾಗಿದೆ ಅಂದ. ಜಗಳಕ್ಕಿಂತ ಇದು ಕಷ್ಟ. ಅವನಿಗೆ ಓದಿ ಹೇಳುವ ಆ ಕೆಲಸ ನನಗೆ ವಾಪಸ್ ಬೇಕಿತ್ತು, ಡ್ವೇನನನ್ನು ದಾಟುವುದಕ್ಕಿಂತ ಹೆಚ್ಚಾಗಿ ಬೇಕಿತ್ತು. ಆದರೆ ಅದನ್ನು ಬಾಯಿ ಬಿಟ್ಟು ಕೇಳಿ ಪಡೆಯುವುದು ಹೇಗೆ?

ಎಂಜಿನ್ ಮತ್ತೆ ಹೊರಗೆ ಬಂತು. ಎಂಜಿನ್ ಎತ್ತುವ ಸರಪಳಿ ಎಳೆದದ್ದು ನಾನು, ಎಣ್ಣೆ ಒರೆಸಿದ್ದು ನಾನು, ಉಸಿರೆತ್ತದೆ ಮಾಡಿದೆ. ಇನ್ನೂರ ಐವತ್ತೈದರ ಕ್ಯಾಮ್ ಬಂದಾಗ ಅದರ ತುದಿ ಓದಲು ಕ್ಲಾಡೆಟ್ ಹತ್ತು ಮೈಲಿ ದೂರದಿಂದ ಬಂದಳು. ಪುಣ್ಯಾತಿಗಿತ್ತಿ ಗಟ್ಟಿಯಾಗಿ ಎರಡು ಸಲ ಓದಿದಳು.

ಜೂನ್ ಮೂರನೇ ವಾರ ಕಾರು ಮತ್ತೆ ಚಾಲಾಯಿತು. ಈ ಸಲ ಅದು ಬಟ್ಟೆ ಹೊಲಿಯುವ ಯಂತ್ರದಂತೆ ತಣ್ಣಗೆ ಗುನುಗಿತು. ಲಿಂಡನ್ ತಲೆಯಾಡಿಸಿದ. ಗುರುವಾರ ಬೆಳಿಗ್ಗೆ ನಾನು ಹೊರಡುವಾಗ ಅವನೂ ಬಂದು ಪಕ್ಕದ ಸೀಟಿನಲ್ಲಿ ಕೂತ.

"ಎಲ್ಲಿಗೆ?" ಅಂದೆ.

"ಗುಡ್ಡಕ್ಕೆ."

ಡ್ವೇನ್ ಅಲ್ಲೇ ಇದ್ದ. ಗೆರೆ ತುಂಡಾಗುವ ಮೊದಲೇ ಲಿಂಡನ್ ಕಣ್ಣು ಮುಚ್ಚಿ ಸೀಟಿಗೆ ಒರಗಿದ. ಎದುರಿನಿಂದ ಒಂದು ಪಿಕಪ್ ಬಂತು. ಅದು ಹೋಗುವವರೆಗೆ ಕಾಯಬೇಕಾಯಿತು. ಆಮೇಲೆ ಎಡಕ್ಕೆ ಬಂದು ಒತ್ತಿದೆ.

"ಈಗ ಮೂರು," ಅಂದ.

ಮೀಟರ್ ನೋಡಲಿಲ್ಲ ನಾನು. ಅವನು ಹೇಳಿದಾಗ ಹಾಕಿದೆ. ಕಾರು ತೊದಲಲಿಲ್ಲ, ಕಿರುಚಲಿಲ್ಲ, ಒಂದೇ ಸಮನೆ ಎಳೆಯಿತು. ಹಿಂದಿನ ಚಕ್ರ ಹೋಯಿತು. ಟ್ಯಾಂಕಿನ ನಡು ಹೋಯಿತು. ಡ್ವೇನನ ಬಾಗಿಲು ಬಂತು. ಅವನು ತಿರುಗಿ ನಮ್ಮನ್ನು ನೋಡಿದ, ಬಾಯಿ ತೆರೆದದ್ದು ನನಗೆ ಕಂಡಿತು. ಟ್ಯಾಂಕರಿನ ಮೂತಿಗೆ ಸಮನಾಗಿ ಬಂದೆವು. ಮುಂದೆ ಗೆರೆ ಕೂಡಿಕೊಳ್ಳುವುದು ಕಾಣಿಸಿತು, ಅದರಾಚೆ ತಿರುವು. ಕಾಲು ತೆಗೆದು ಹಿಂದೆ ಸರಿದೆ.

ಗುಡ್ಡ ಇಳಿದು ಲೈಬ್ರರಿಯ ಮುಂದೆ ನಿಲ್ಲಿಸಿದಾಗಲೂ ಅವನ ಕಣ್ಣು ಮುಚ್ಚಿಯೇ ಇತ್ತು.

"ದಾಟಿದ್ವಾ?" ಅಂತ ಕೇಳಿದ.

ಮುಖದಲ್ಲಿ ಎಷ್ಟು ಆಸೆಯಿತ್ತು ಅಂದರೆ, ಹ್ಞೂಂ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅನ್ನಬಹುದಿತ್ತು. ಎಷ್ಟು ಸುಲಭವಾಗಿತ್ತು.

"ಇಲ್ಲ," ಅಂದೆ. "ಮೂತಿವರೆಗೆ ಹೋಗಿದ್ವಿ. ಗೆರೆ ಮುಗೀತು, ಹಿಂದೆ ಬಂದೆ."

"ಗೊತ್ತು," ಅಂದ. "ಅವನ ಎಂಜಿನ್ನು ಒಂದು ಸಲವೂ ನನ್ನ ಬೆನ್ನ ಹಿಂದೆ ಹೋಗ್ಲಿಲ್ಲ. ಬಲಗಿವೀಲೇ ಇತ್ತು."

"ಮತ್ತೆ ಕೇಳಿದ್ಯಾಕೆ?"

ಅವನು ಕಣ್ಣು ತೆರೆದು ಅಂಗಿಯ ಜೇಬಿನಿಂದ ಒಂದು ಲಕೋಟೆ ತೆಗೆದ. ಕಣ್ಣಿನ ಡಾಕ್ಟರರದು. ಹತ್ತು ದಿನದ ಹಿಂದಿನ ಅಂಚೆ ಮುದ್ರೆ. ಇನ್ನೂ ಒಡೆದಿರಲಿಲ್ಲ, ಮೂಲೆಗಳು ಜೇಬಿನಲ್ಲಿದ್ದು ಮೆತ್ತಗಾಗಿದ್ದವು. ಕ್ಲಾಡೆಟ್ ಅಷ್ಟು ಸಲ ಬಂದುಹೋಗಿದ್ದಳು, ಅವಳಿಗೂ ಕೊಟ್ಟಿರಲಿಲ್ಲ.

"ಓದು," ಅಂದ.

ಒಡೆದು ಓದಿದೆ. ತಾರೀಕಿನಿಂದ ಹಿಡಿದು ಓದಿದೆ. ಎಡಗಣ್ಣು ಹೋದ ವರ್ಷ ಇದ್ದಷ್ಟೇ ಇದೆ. ಬಲಗಣ್ಣು ಇನ್ನೂ ಕುಗ್ಗಿದೆ, ಮುಂದೆಯೂ ಕುಗ್ಗಬಹುದು ಅಂತ ಬರೆದಿತ್ತು. ಆ ಸಾಲನ್ನೂ ಇದ್ದದ್ದು ಇದ್ದ ಹಾಗೇ ಓದಿದೆ, ಡಾಕ್ಟರರ ಸಹಿಯವರೆಗೆ.

ಎಂಜಿನ್ ಇನ್ನೂ ಗುನುಗುತ್ತಿತ್ತು; ಆರಿಸುವುದು ನನಗೆ ಮರೆತಿತ್ತು.

"ಕಿವಿ ವಿಷಯ ಏನೂ ಬರ್ದಿಲ್ಲ ತಾನೆ?"

"ಇಲ್ಲ," ಅಂದೆ.

"ಸರಿ ಹಾಗಾದ್ರೆ," ಎಂದು ಪತ್ರ ಮಡಿಸಿ ಜೇಬಿಗೆ ಹಾಕಿಕೊಂಡ.